ಹಳೆಯ ಜಪಾನಿ ಮೂಲದ ಕಾರುಗಳ ಪುನಶ್ಚೇತನ ಮತ್ತು ಮಾರ್ಪಾಡು: ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ನೋಂದಣಿಯಾಗಿ ಹದಿನೈದು ವರ್ಷ ಮೀರಿದ ಮಾರುತಿ 800, ಓಮ್ನಿ, ಜಿಪ್ಸಿ, ಟೊಯೊಟಾ ಕ್ವಾಲಿಸ್ ಮುಂತಾದ ಜಪಾನಿ ಮೂಲದ ವಾಹನಗಳು ಇಂದಿಗೂ ಬಳಕೆಯಲ್ಲಿವೆ. ಇವುಗಳ ಪೈಕಿ ಕೆಲವು ಮನೆಯ ಹಿರಿಯರು ಕೊಂಡ ಮೊದಲ ಕಾರೆಂಬ ಅಭಿಮಾನದಿಂದ ಉಳಿದುಕೊಂಡಿವೆ. ಮತ್ತೆ ಕೆಲವು ಹೊಸ ವಾಹನ ಕೊಳ್ಳುವ ಶಕ್ತಿ ಇಲ್ಲದ ಕಾರಣ ಓಡುತ್ತಿವೆ. ಇಂತಹ ವಾಹನಗಳನ್ನು ಬಿಚ್ಚಿ, ತುಕ್ಕು ತೆಗೆದು, ಬಣ್ಣ ಬಳಿದು ಮೂಲಸ್ಥಿತಿಗೆ ತರುವ ಆಸಕ್ತಿ ಯುವಕರಲ್ಲಿ ಹೆಚ್ಚುತ್ತಿದೆ. ಇದು ಸ್ವಾಗತಾರ್ಹ. ಆದರೆ ಮೂಲಸ್ಥಿತಿಗೆ ತರುವುದು ಒಂದು, ಮಾರ್ಪಡಿಸುವುದು ಮತ್ತೊಂದು. ಮೊದಲನೆಯದಕ್ಕೆ ಕಾನೂನಿನ ಅಡ್ಡಿ ಇಲ್ಲ. ಎರಡನೆಯದಕ್ಕೆ ಇದೆ. ಈ ವ್ಯತ್ಯಾಸವನ್ನು ಅರಿಯದೆ ಗ್ಯಾರೇಜಿನಲ್ಲಿ ಹಣ ಸುರಿದ ಮಾಲೀಕರು ನೋಂದಣಿ ನವೀಕರಣದ ದಿನವೋ, ಅಪಘಾತ ಸಂಭವಿಸಿದ ನಂತರವೋ ತೊಂದರೆಗೆ ಸಿಲುಕುವುದುಂಟು. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಜಪಾನಿ ಕಾರುಗಳು ನಮ್ಮಲ್ಲಿಗೆ ಬಂದ ಬಗೆ

ಹೊರದೇಶಗಳಲ್ಲಿ ಹಳೆಯ ಜಪಾನಿ ಕಾರು ಎಂದೊಡನೆ 1967ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ 2000ಜಿಟಿ, 1969ರ ಡಾಟ್ಸನ್ 240ಝಡ್, ಅದೇ ವರ್ಷದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಇವುಗಳ ಹೆಸರು ಕೇಳಿಬರುತ್ತದೆ. ಭಾರತದಲ್ಲಿ ಆ ಕಾಲದಲ್ಲಿ ಕಾರುಗಳ ಆಮದಿನ ಮೇಲೆ ಕಠಿಣ ನಿರ್ಬಂಧವಿದ್ದುದರಿಂದ ಅವು ಇಲ್ಲಿಗೆ ಬರಲಿಲ್ಲವೆಂದೇ ಹೇಳಬೇಕು. ನಮ್ಮ ಪಾಲಿಗೆ ಜಪಾನಿ ಕಾರಿನ ಚರಿತ್ರೆ ಆರಂಭವಾಗುವುದು ಬೇರೆ ದಾರಿಯಿಂದ.

1981ರ ಫೆಬ್ರವರಿಯಲ್ಲಿ ಸರ್ಕಾರಿ ಸ್ವಾಮ್ಯದ ಮಾರುತಿ ಉದ್ಯೋಗ್ ಲಿಮಿಟೆಡ್ ಸ್ಥಾಪನೆಯಾಯಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಸಂಸ್ಥೆಯೊಡನೆ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ದೆಹಲಿಯ ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಅಂದಿನ ಬೆಲೆ 47,500 ರೂಪಾಯಿ. ಸುಜುಕಿಯ ಆಲ್ಟೋ ಕಾರನ್ನು ಆಧರಿಸಿದ ಈ ವಾಹನದಲ್ಲಿ 796 ಸಿ.ಸಿ. ಸಾಮರ್ಥ್ಯದ ಮೂರು ಸಿಲಿಂಡರುಗಳ ಎಫ್8ಬಿ ಇಂಜಿನ್ ಇತ್ತು. 1986ರಲ್ಲಿ ಇದರ ಹೊರಮೈ ಬದಲಾಯಿತು; ಇಂದು ರಸ್ತೆಯಲ್ಲಿ ಕಾಣುವವು ಬಹುಪಾಲು ಈ ಎರಡನೆಯ ರೂಪದವು. ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ದೆಹಲಿಯ ಆ ಮೊದಲ ಕಾರು ಮಾಲೀಕರ ನಿಧನಾನಂತರ ಮನೆಯ ಮುಂದೆ ತುಕ್ಕು ಹಿಡಿದು ನಿಂತಿತ್ತು. ತಯಾರಿಕಾ ಸಂಸ್ಥೆಯು ಅದನ್ನು ಮೂಲಸ್ಥಿತಿಗೆ ತಂದು, 2022ರಲ್ಲಿ ತನ್ನ ಕೇಂದ್ರ ಕಛೇರಿಯಲ್ಲಿ ಪ್ರದರ್ಶನಕ್ಕೆ ಇರಿಸಿತು.

ಸುಜುಕಿ ಕ್ಯಾರಿಯನ್ನು ಆಧರಿಸಿದ ಮಾರುತಿ ವ್ಯಾನ್ 1984ರಲ್ಲಿ ಬಂದಿತು. ಮುಂದೆ ಇದೇ ಓಮ್ನಿ ಎಂದು ಹೆಸರಾಗಿ 2019ರವರೆಗೆ ತಯಾರಾಯಿತು. ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಜಿಪ್ಸಿ 1985ರ ಡಿಸೆಂಬರ್‌ನಲ್ಲಿ 970 ಸಿ.ಸಿ. ಇಂಜಿನ್‌ನೊಡನೆ ಬಂದಿತು, 1996ರಲ್ಲಿ ಅದಕ್ಕೆ 1.3 ಲೀಟರಿನ ಇಂಜಿನ್ ದೊರೆಯಿತು. ಕರ್ನಾಟಕದ ಮಟ್ಟಿಗೆ ಹೆಚ್ಚು ಆಪ್ತವಾದದ್ದು ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು 2000ದಿಂದ 2005ರವರೆಗೆ ತಯಾರಿಸಿದ ಕ್ವಾಲಿಸ್. ಮದುವೆಯ ದಿಬ್ಬಣಕ್ಕೂ ಮಂತ್ರಾಲಯದ ಯಾತ್ರೆಗೂ ಇದನ್ನೇ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು.

ಇವುಗಳಲ್ಲದೆ, ಮೈ ಬೇರೆ ದೇಶದ್ದು, ಇಂಜಿನ್ ಜಪಾನಿನದು ಎಂಬಂತಹ ವಾಹನಗಳೂ ಇವೆ. ಇಸುಜು ಇಂಜಿನ್ ಹೊಂದಿದ 1.8 ಲೀಟರಿನ ಅಂಬಾಸಡರ್ ಮತ್ತು ಕಾಂಟೆಸ್ಸಾ, ನಿಸಾನ್ ಇಂಜಿನ್ ಹೊಂದಿದ ಪ್ರೀಮಿಯರ್ 118 ಎನ್.ಇ. ಈ ಬಗೆಯವು. ಆ ಜೋಡಣೆಯನ್ನು ತಯಾರಕರೇ ಮಾಡಿ, ಪರೀಕ್ಷೆಗೆ ಒಳಪಡಿಸಿ, ಅನುಮೋದನೆ ಪಡೆದಿದ್ದರು. ಇದನ್ನು ಉದಾಹರಿಸಿ "ಅವರು ಹಾಕಿದ ಮೇಲೆ ನಾವೇಕೆ ಬೇರೆ ಇಂಜಿನ್ ಹಾಕಬಾರದು" ಎಂದು ವಾದಿಸುವವರು ಈ ಅಂಶವನ್ನು ಗಮನಿಸತಕ್ಕದ್ದು.

ಮೂಲಸ್ಥಿತಿಗೆ ತರುವುದು ಮತ್ತು ಮಾರ್ಪಡಿಸುವುದು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಅನ್ವಯ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತಹ ರಚನಾ ಬದಲಾವಣೆಯನ್ನು ಈ ಪ್ರಕರಣವು ಮಾರ್ಪಾಡು ಎಂದು ಪರಿಗಣಿಸುತ್ತದೆ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 182-ಎ ಅನ್ವಯ, ಅವಕಾಶವಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿಗಳ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ದಂಡವು ವಾಹನಕ್ಕೆ ಒಂದರಂತಲ್ಲ, ಮಾರ್ಪಾಡಿಗೆ ಒಂದರಂತೆ ಎಂಬುದನ್ನು ವಿಶೇಷವಾಗಿ ಗಮನಿಸುವುದು.

ಇದನ್ನು ವ್ಯವಹಾರದ ಭಾಷೆಯಲ್ಲಿ ಹೀಗೆ ತಿಳಿಯಬಹುದು. ನೋಂದಣಿ ಪ್ರಮಾಣಪತ್ರವು ವಾಹನದ ಲೆಕ್ಕಪುಸ್ತಕವಿದ್ದಂತೆ. ಅದರಲ್ಲಿನ ನಮೂದಿಗೂ ಎದುರಿಗೆ ನಿಂತ ವಾಹನಕ್ಕೂ ತಾಳೆಯಾಗಬೇಕು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ಪಿಸ್ಟನ್ ರಿಂಗ್ ಬದಲಿಸುವುದು, ಅದೇ ಅಳತೆಯ ಹೊಸ ಬಾಗಿಲು ಅಥವಾ ಬಾನೆಟ್ ಕೂರಿಸುವುದು, ಸೀಟುಗಳಿಗೆ ಹೊಸ ಹೊದಿಕೆ ಹೊಲಿಸುವುದು ಇವುಗಳಿಂದ ಆ ತಾಳೆ ಕೆಡುವುದಿಲ್ಲ. ಓಮ್ನಿಯ ಮೇಲ್ಛಾವಣಿ ಎತ್ತರಿಸಿದರೆ, ಜಿಪ್ಸಿಯನ್ನು ಸ್ಪ್ರಿಂಗ್ ಬದಲಿಸಿ ಎತ್ತರಕ್ಕೆ ಏರಿಸಿದರೆ, ಮಾರುತಿ 800ರ ಛಾವಣಿ ಕತ್ತರಿಸಿ ತೆರೆದ ಕಾರು ಮಾಡಿದರೆ, ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರೆ ಕೆಡುತ್ತದೆ.

ಇವೆರಡರ ನಡುವೆ ಬರುವುದು ಬಣ್ಣ ಮತ್ತು ಬದಲಿ ಇಂಜಿನ್. ಮೂಲದಲ್ಲಿ ಬಿಳಿ ಇದ್ದ ಕಾರಿಗೆ ಕೆಂಪು ಬಳಿಯಬೇಕೆಂದಿದ್ದಲ್ಲಿ ಮುಂಚಿತವಾಗಿ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಪ್ರಮಾಣಪತ್ರದಲ್ಲಿ ನಮೂದು ಮಾಡಿಸಿಕೊಳ್ಳತಕ್ಕದ್ದು. ಮಾರುತಿ 800 ಮತ್ತು ಓಮ್ನಿಗಳಲ್ಲಿ ಒಂದೇ ಮಾದರಿಯ ಎಫ್8ಬಿ ಇಂಜಿನ್ ಇರುವುದರಿಂದ ಗುಜರಿಯಿಂದ ತಂದ ಇಂಜಿನ್ ಸುಲಭವಾಗಿ ಕೂರುತ್ತದೆ. ಯಂತ್ರ ಒಂದೇ ಆದರೂ ಅದರ ಮೇಲಿನ ಸಂಖ್ಯೆ ಬೇರೆ. ಪೂರ್ವಾನುಮತಿ ಇಲ್ಲದೆ ಬದಲಾಯಿಸಿದ ಇಂಜಿನ್ ಹಿಂದೆ ಕಳವಾದ ವಾಹನದ್ದೆಂದು ಕಂಡುಬಂದಲ್ಲಿ ಮಾಲೀಕರು ಪೊಲೀಸ್ ತನಿಖೆಯನ್ನು ಎದುರಿಸಬೇಕಾಗುತ್ತದೆ. ಇಂಜಿನ್ ಖರೀದಿಸಿದ ಬಿಲ್ಲು, ಮೂಲ ವಾಹನದ ನೋಂದಣಿ ಪ್ರಮಾಣಪತ್ರದ ಪ್ರತಿ ಇವೆರಡೂ ಇಲ್ಲದ ಇಂಜಿನ್ ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳಬಾರದು.

ಚಾಸಿ ಸಂಖ್ಯೆ

ವಾಹನದ ಗುರುತು ನಿಂತಿರುವುದು ತಗಡಿನ ಮೇಲೆ ಕೊರೆದ ಚಾಸಿ ಸಂಖ್ಯೆಯ ಮೇಲೆ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಅವರಿಗೆ ಕಂಡ ಶಾಸನದಲ್ಲಿ ಅಶೋಕನ ಹೆಸರು ಉಳಿದಿದ್ದ ಕಾರಣದಿಂದಲೇ 'ದೇವಾನಾಂಪ್ರಿಯ' ಎಂದರೆ ಯಾರೆಂಬುದು ನಿಶ್ಚಯವಾಯಿತು. ಆ ನಾಲ್ಕಾರು ಅಕ್ಷರ ಅಳಿಸಿಹೋಗಿದ್ದರೆ ವಾದ ಇನ್ನೂ ನಡೆಯುತ್ತಿತ್ತೇನೋ. ಚಾಸಿ ಸಂಖ್ಯೆಯ ವಿಷಯದಲ್ಲಿಯೂ ಹೀಗೆಯೇ. ತುಕ್ಕು ತೆಗೆಯಲು ಗ್ರೈಂಡರ್ ಹಿಡಿದ ಕೆಲಸಗಾರರು ಅರಿವಿಲ್ಲದೆ ಸಂಖ್ಯೆಯನ್ನೂ ಉಜ್ಜಿಬಿಟ್ಟರೆ, ನವೀಕರಣದ ವೇಳೆ ಪೆನ್ಸಿಲ್ ಅಚ್ಚು ತೆಗೆಯಲು ಬರುವುದಿಲ್ಲ. ನಿರೀಕ್ಷಕರು ವಾಹನವನ್ನು ಒಪ್ಪುವುದಿಲ್ಲ. ಮಾರುತಿ 800ರಲ್ಲಿ ಈ ಸಂಖ್ಯೆಯು ಇಂಜಿನ್ ಕೋಣೆಯ ಹಿಂಬದಿಯ ತಗಡಿನ ಮೇಲಿದೆ. ಕೆಲಸಕ್ಕೆ ಬಿಡುವ ಮುನ್ನ ಈ ಜಾಗವನ್ನು ಮೆಕ್ಯಾನಿಕ್‌ಗೆ ತೋರಿಸಿ, ಅದರ ಛಾಯಾಚಿತ್ರ ಮತ್ತು ಪೆನ್ಸಿಲ್ ಅಚ್ಚು ತೆಗೆದಿಟ್ಟುಕೊಳ್ಳುವುದು ಲೇಸು. ಅಲ್ಲಿ ಪುಟ್ಟಿ ಹಚ್ಚುವುದಾಗಲೀ ದಪ್ಪನಾಗಿ ಬಣ್ಣ ಬಳಿಯುವುದಾಗಲೀ ಕೂಡದು. ಅಳಿಸಿದ ಸಂಖ್ಯೆಯನ್ನು ಲೇತ್ ಅಂಗಡಿಯಲ್ಲಿ ಪುನಃ ಕೊರೆಸುವುದು ಅಪರಾಧ.

ನವೀಕರಣ, ಶುಲ್ಕ ಮತ್ತು ವಿಳಂಬದ ಲೆಕ್ಕ

ಖಾಸಗಿ ವಾಹನದ ನೋಂದಣಿಯು ಹದಿನೈದು ವರ್ಷಗಳಿಗೆ ಊರ್ಜಿತ. ಅನಂತರ ಐದೈದು ವರ್ಷಗಳಿಗೆ ನವೀಕರಿಸಲಾಗುತ್ತದೆ. ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ 60 ದಿನಗಳಿಗಿಂತ ಮುಂಚೆಯಲ್ಲದಂತೆ ಅರ್ಜಿ ಸಲ್ಲಿಸಬೇಕು. ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ, ತೆರಿಗೆ ಪಾವತಿಯ ದಾಖಲೆ ಇವುಗಳೊಂದಿಗೆ ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಈ ತಾಲ್ಲೂಕುಗಳ ವಾಹನಗಳು ಸಾಮಾನ್ಯವಾಗಿ ಹೊಂದಿರುವ ಕೆಎ-36 ಸಂಕೇತವು ರಾಯಚೂರು ಪ್ರಾದೇಶಿಕ ಸಾರಿಗೆ ಕಛೇರಿಯದು. ಅಷ್ಟು ದೂರ ಹಳೆಯ ವಾಹನವನ್ನು ಓಡಿಸಿಕೊಂಡು ಹೋಗಿ ಕಾಗದವೊಂದರ ಕೊರತೆಯಿಂದ ಮರಳಿ ಬರುವ ಬದಲು ದಾಖಲೆಗಳನ್ನು ಮೊದಲೇ ಹೊಂದಿಸಿಕೊಳ್ಳುವುದು ಸೂಕ್ತ.

2022ರ ಏಪ್ರಿಲ್ 1ರಿಂದ ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು 5,000 ರೂಪಾಯಿಗಳಿಗೆ ನಿಗದಿಪಡಿಸಲಾಯಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಈ ಶುಲ್ಕ 10,000 ರೂಪಾಯಿ. ವಿಳಂಬವಾದಲ್ಲಿ ದ್ವಿಚಕ್ರ ವಾಹನ ಬಿಟ್ಟು ಇತರ ಖಾಸಗಿ ವಾಹನಗಳಿಗೆ ಪ್ರತಿ ತಿಂಗಳಿಗೆ ಅಥವಾ ಅದರ ಭಾಗಕ್ಕೆ 500 ರೂಪಾಯಿ ಹೆಚ್ಚುವರಿ ಶುಲ್ಕವಿದೆ.

ಹಳೆಯ ಕಾರು ಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಉದಾಹರಣೆಗೆ, ದನದ ಕೊಟ್ಟಿಗೆಯ ಪಕ್ಕದಲ್ಲಿ ಐದು ವರ್ಷಗಳಿಂದ ನಿಂತಿರುವ, ನೋಂದಣಿ ಮುಗಿದ ಮಾರುತಿ 800 ಒಂದು ಇಪ್ಪತ್ತು ಸಾವಿರ ರೂಪಾಯಿಗೆ ದೊರೆಯಿತೆನ್ನೋಣ. 60 ತಿಂಗಳ ವಿಳಂಬಕ್ಕೆ 30,000 ರೂಪಾಯಿ, ವಾಹನ ಇಪ್ಪತ್ತು ವರ್ಷ ಮೀರಿದ್ದರೆ ನವೀಕರಣಕ್ಕೆ 10,000 ರೂಪಾಯಿ, ಒಟ್ಟು 40,000. ಇದಕ್ಕೆ ಹಸಿರು ತೆರಿಗೆ, ವಿಮೆ, ಅತಿ ಸುರಕ್ಷಿತ ನೋಂದಣಿ ಫಲಕದ ವೆಚ್ಚ ಸೇರಬೇಕು. ಒಂದು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನವೇ ಕಾರಿನ ಬೆಲೆಯ ಎರಡು ಪಟ್ಟಿಗೂ ಮಿಕ್ಕಿ ಖರ್ಚು ಬಂದಿತು. ಆದುದರಿಂದ ಕೊಳ್ಳುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ವಾಹನದ ನೋಂದಣಿ ಅವಧಿ, ಬಾಕಿ ದಂಡ, ಸಾಲದ ನಮೂದು ಇವುಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಶುಲ್ಕಗಳು ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ದರವೇ ಅನ್ವಯವಾಗುತ್ತದೆ.

ತಂದೆಯ ಹೆಸರಿನಲ್ಲಿದ್ದ ಕಾರನ್ನು ಅವರ ನಿಧನಾನಂತರ ಮಕ್ಕಳು ಪುನಶ್ಚೇತನಗೊಳಿಸುವ ಸಂದರ್ಭಗಳು ಬಹಳ. ಇಂತಹ ಸಂದರ್ಭದಲ್ಲಿ ಮಾಲೀಕರ ಮರಣದ ಬಗ್ಗೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ವರ್ಗಾವಣೆ ಮಾಡಿಸಿಕೊಳ್ಳಬೇಕು. ಅವಧಿ ಮೀರಿದ್ದರೂ ಮೊದಲು ಹೆಸರು ಬದಲಾವಣೆ, ಅನಂತರ ಗ್ಯಾರೇಜು ಎಂಬ ಕ್ರಮವನ್ನೇ ಅನುಸರಿಸುವುದು ಉಚಿತ. ವಾರಸುದಾರರಲ್ಲಿ ಒಬ್ಬರು ಖರ್ಚು ಮಾಡಿ ಕಾರು ಸಿದ್ಧಪಡಿಸಿದ ಮೇಲೆ ಮತ್ತೊಬ್ಬರು ಒಪ್ಪಿಗೆಯ ಸಹಿ ಹಾಕಲು ನಿರಾಕರಿಸಿದರೆ ಕಛೇರಿಯು ಏನೂ ಮಾಡಲು ಬರುವುದಿಲ್ಲ.

ಅನಿಲ ಇಂಧನಕ್ಕೆ ಪರಿವರ್ತನೆ

ಪ್ರಕರಣ 52 ತಾನೇ ಅವಕಾಶ ನೀಡಿರುವ ಮುಖ್ಯ ಬದಲಾವಣೆ ಇಂಧನದ್ದು. ಪೆಟ್ರೋಲ್ ವಾಹನವನ್ನು ಎಲ್.ಪಿ.ಜಿ., ಸಿ.ಎನ್.ಜಿ. ಅಥವಾ ಬ್ಯಾಟರಿಗೆ ಪರಿವರ್ತಿಸಬಹುದು. ಆದರೆ ಪರಿವರ್ತನಾ ಕಿಟ್ ಪುಣೆಯ ಎ.ಆರ್.ಎ.ಐ.ಯಂತಹ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಆ ವಾಹನದ ಮಾದರಿಗೇ ಅನುಮೋದನೆ ಪಡೆದಿರಬೇಕು, ಅಧಿಕೃತ ಕಾರ್ಯಾಗಾರದಲ್ಲಿಯೇ ಅಳವಡಿಸಿರಬೇಕು, ಇಂಧನದ ಬದಲಾವಣೆಯು ನೋಂದಣಿ ಪ್ರಮಾಣಪತ್ರದಲ್ಲಿಯೂ ವಿಮಾ ಪತ್ರದಲ್ಲಿಯೂ ನಮೂದಾಗಿರಬೇಕು. ಅನಿಲ ತೊಟ್ಟಿಯನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷೆಗೆ ಒಳಪಡಿಸಬೇಕು.

ಇದಾವುದೂ ಇಲ್ಲದೆ ಅಡುಗೆಮನೆಯ ಸಿಲಿಂಡರನ್ನು ಓಮ್ನಿಯ ಹಿಂಬದಿಯಲ್ಲಿರಿಸಿ ರಬ್ಬರ್ ಕೊಳವೆಯ ಮೂಲಕ ಇಂಜಿನ್‌ಗೆ ಜೋಡಿಸುವುದು ಅತ್ಯಂತ ಅಪಾಯಕಾರಿ. ಇದರ ತಾಂತ್ರಿಕ ಕಾರಣವನ್ನು ತಿಳಿಯುವುದು ಒಳ್ಳೆಯದು. ವಾಹನದ ಅನಿಲ ತೊಟ್ಟಿಯಲ್ಲಿ ಶೇಕಡ 80ಕ್ಕಿಂತ ಹೆಚ್ಚು ತುಂಬದಂತೆ ತಡೆಯುವ ಕವಾಟವಿರುತ್ತದೆ. ಕೊಳವೆ ತುಂಡಾದರೆ ಹರಿವನ್ನು ತಾನಾಗಿಯೇ ನಿಲ್ಲಿಸುವ ಕವಾಟವಿರುತ್ತದೆ. ಸೋರಿದ ಅನಿಲವನ್ನು ವಾಹನದ ಹೊರಗೆ ಒಯ್ಯುವ ಗಾಳಿಬಿಗಿ ಪೆಟ್ಟಿಗೆ ಇರುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಇವು ಇಲ್ಲ. ಅದು ಅಡುಗೆಮನೆಯಲ್ಲಿ ನೆಟ್ಟಗೆ, ಅಲುಗಾಡದಂತೆ ನಿಲ್ಲಲು ರಚಿತವಾದದ್ದು. ಎಲ್.ಪಿ.ಜಿ. ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಮೇಲೇರಿ ಕಿಟಕಿಯಿಂದ ಹೊರಹೋಗದೆ ಸೀಟುಗಳ ಕೆಳಗೆ, ಕಾಲ ಬಳಿ ಶೇಖರವಾಗುತ್ತದೆ. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಒಂದು ಕಿಡಿ ಸಾಕು. ಇಂತಹ ವಾಹನಗಳಲ್ಲಿ ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿರುವುದು ಕಂಡುಬಂದಲ್ಲಿ ಪೋಷಕರು ಸಾರಿಗೆ ಕಛೇರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಕೂಡಲೇ ತಿಳಿಸತಕ್ಕದ್ದು. ವಾಹನ ಮಾಲೀಕರು ಬಡವರು, ಹೊಟ್ಟೆಪಾಡು ಎಂಬ ಮರುಕದಿಂದ ಸುಮ್ಮನಿರುವುದು ಈ ವಿಷಯದಲ್ಲಿ ಸರಿಯಲ್ಲ.

ಸಾಮಾನ್ಯವಾಗಿ ಕಂಡುಬರುವ ಇತರ ಮಾರ್ಪಾಡುಗಳು

ಜಿಪ್ಸಿ ಮತ್ತು ಕ್ವಾಲಿಸ್‌ಗಳ ಮುಂದೆ ಅಳವಡಿಸುವ ಉಕ್ಕಿನ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚನೆ ನೀಡಿದೆ. ಡಿಕ್ಕಿಯಾದಾಗ ಪಾದಚಾರಿಗೆ ಪೆಟ್ಟು ಹೆಚ್ಚುತ್ತದೆ. ಜೊತೆಗೆ ಆಘಾತವನ್ನು ಹೀರಿಕೊಳ್ಳಬೇಕಾದ ಭಾಗಗಳನ್ನು ದಾಟಿ ಹೊಡೆತ ನೇರವಾಗಿ ಚೌಕಟ್ಟಿಗೆ ತಗಲುತ್ತದೆ. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರ ಆದೇಶದಲ್ಲಿ ನಿಷೇಧಿಸಿದೆ. ಸೈಲೆನ್ಸರಿನ ಒಳಭಾಗ ತೆಗೆದು ಶಬ್ದ ಹೆಚ್ಚಿಸುವುದು, ಬಹುಸ್ವರದ ಹಾರ್ನ್, ಎದುರಿನ ಚಾಲಕನ ಕಣ್ಣು ಕೋರೈಸುವ ಬಿಳಿ ದೀಪಗಳು ಇವೂ ನಿಯಮಬಾಹಿರ. ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮೂಲಕ ಬಳ್ಳಾರಿಯ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 150-ಎ ಮೇಲೆ ರಾತ್ರಿಯ ವೇಳೆ ಭತ್ತದ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಹಿಂಬದಿ ದೀಪವಿಲ್ಲದೆ ಸಾಗುವುದುಂಟು. ಎದುರಿನ ದೀಪದಿಂದ ಕ್ಷಣಕಾಲ ಕಣ್ಣು ಕತ್ತಲಾದರೂ ಅನಾಹುತಕ್ಕೆ ಅಷ್ಟೇ ಸಾಕಾಗುತ್ತದೆ.

ಈ ಪ್ರದೇಶದಲ್ಲಿ ಪುನಶ್ಚೇತನದ ಕೆಲಸ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದಾಗಿ ಸಿಂಧನೂರು ಭಾಗದಲ್ಲಿ ಭತ್ತದ ಕೃಷಿ ಹಬ್ಬಿದೆ. ಟ್ರ್ಯಾಕ್ಟರ್ ಹಾಗೂ ಕಟಾವು ಯಂತ್ರಗಳ ದುರಸ್ತಿಯಲ್ಲಿ ಪಳಗಿದ ವೆಲ್ಡಿಂಗ್ ಮತ್ತು ಲೇತ್ ಕೆಲಸಗಾರರು ಇಲ್ಲಿದ್ದಾರೆ. ಆದರೆ ಟ್ರ್ಯಾಕ್ಟರಿನ ದಪ್ಪ ಉಕ್ಕಿಗೂ ಕಾರಿನ ತೆಳು ತಗಡಿಗೂ ಒಂದೇ ಬೆಸುಗೆ ಸಲ್ಲದು. ಸಾಧಾರಣ ವಿದ್ಯುತ್ ಬೆಸುಗೆಯಿಂದ ತಗಡು ಸುಟ್ಟು ತೂತು ಬೀಳುತ್ತದೆ, ಇಲ್ಲವೇ ಬಾಗುತ್ತದೆ. ಅನಿಲ ರಕ್ಷಿತ ತಂತಿ ಬೆಸುಗೆ ಇರುವೆಡೆಯಲ್ಲಿಯೇ ಈ ಕೆಲಸ ಮಾಡಿಸಬೇಕು.

ಎರೆಮಣ್ಣು ಈ ತಾಲ್ಲೂಕುಗಳ ಸಂಪತ್ತು, ಹಳೆಯ ಕಾರಿಗೆ ಮಾತ್ರ ವೈರಿ. ಚಕ್ರಗಳ ಮೇಲ್ಭಾಗದ ಗೂಡಿನಲ್ಲಿ ಮೆತ್ತಿಕೊಂಡ ಈ ಮಣ್ಣು ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮಾರುತಿ 800 ಮತ್ತು ಓಮ್ನಿಗಳಿಗೆ ಪ್ರತ್ಯೇಕ ಚೌಕಟ್ಟು ಇಲ್ಲ; ಮೈಯೇ ಚೌಕಟ್ಟು. ಬಾಗಿಲ ಕೆಳಗಿನ ಅಂಚು, ನೆಲದ ತಗಡು, ಸಸ್ಪೆನ್ಷನ್ ಕೂರುವ ಜಾಗಗಳು ತುಕ್ಕು ಹಿಡಿದಿದ್ದರೆ ವಾಹನದ ಬಲವೇ ಕುಂದಿದಂತೆ. ಅಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದು ಹೊಳಪು ಕೊಟ್ಟ ಕಾರು ನೋಡಲು ಹೊಸದರಂತಿದ್ದರೂ ಡಿಕ್ಕಿಯಾದಾಗ ಮಡಚಿಕೊಳ್ಳುತ್ತದೆ. ಜಿಪ್ಸಿ, ಕ್ವಾಲಿಸ್‌ಗಳಿಗೆ ಕೆಳಗೆ ಏಣಿಯಾಕಾರದ ಪ್ರತ್ಯೇಕ ಚೌಕಟ್ಟು ಇರುವುದರಿಂದ ಮೈಯನ್ನು ಎತ್ತಿಟ್ಟು ಕೆಲಸ ಮಾಡಲು ಸಾಧ್ಯ. ಕೊಳ್ಳುವವರು ಬಣ್ಣ ನೋಡದೆ, ವಾಹನವನ್ನು ಎತ್ತಿಸಿ ಅಡಿಭಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡತಕ್ಕದ್ದು.

ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬುವ ರೂಢಿಯಿಂದ ಒಳಗೆ ಸುಣ್ಣದ ಪದರ ಕಟ್ಟಿ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಇಂಜಿನ್ ಕುದಿಯುತ್ತದೆ. ಶುದ್ಧೀಕರಿಸಿದ ನೀರು ಮತ್ತು ಕೂಲಂಟ್ ಬಳಸಬೇಕು. ಎಫ್8ಬಿ ಇಂಜಿನ್‌ನ ಟೈಮಿಂಗ್ ಬೆಲ್ಟ್ ರಬ್ಬರಿನದಾದ್ದರಿಂದ, ವಾಹನ ನಿಂತಲ್ಲೇ ಇದ್ದರೂ ಅದು ಹಳತಾಗುತ್ತದೆ. ಬಹುಕಾಲ ನಿಂತ ಕಾರನ್ನು ಚಾಲೂ ಮಾಡುವ ಮುನ್ನವೇ ಬದಲಿಸುವುದು ಕ್ಷೇಮ. ಬ್ರೇಕ್ ಕೊಳವೆ ಮತ್ತು ಚಕ್ರದ ಸಿಲಿಂಡರುಗಳ ವಿಷಯದಲ್ಲಿ ಉಳಿತಾಯದ ಮಾತೇ ಬೇಡ.

ಇತ್ತೀಚಿನ ಮತ್ತೊಂದು ಅಂಶ ಪೆಟ್ರೋಲಿನದು. 2023ರಿಂದ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಂತಹಂತವಾಗಿ ಎಲ್ಲೆಡೆ ಬಂದಿದೆ. ಕಾರ್ಬ್ಯುರೇಟರ್ ಕಾಲದ ವಾಹನಗಳ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳು ಇದಕ್ಕೆಂದು ತಯಾರಾದವಲ್ಲ. ಪುನಶ್ಚೇತನದ ಸಮಯದಲ್ಲಿಯೇ ಇಂಧನ ಮಾರ್ಗದ ರಬ್ಬರ್ ಭಾಗಗಳನ್ನೆಲ್ಲ ಎಥೆನಾಲ್ ತಾಳುವಂತಹವಕ್ಕೆ ಬದಲಿಸಿದರೆ ಸೋರಿಕೆಯ ಭಯವಿಲ್ಲ. ಇದನ್ನು ಮಾರ್ಪಾಡು ಎಂದು ಪರಿಗಣಿಸಲಾಗುವುದಿಲ್ಲ. ಹೊಗೆ ತಪಾಸಣೆಯಲ್ಲಿ ಭಾರತ್ ಹಂತ-2ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡ 3. ಹೊಂದಾಣಿಕೆ ಸರಿಯಾಗಿರುವ ಕಾರ್ಬ್ಯುರೇಟರಿಗೆ ಇದು ಕಷ್ಟವಲ್ಲ.

ಬಿಡಿಭಾಗಗಳ ವಿಷಯದಲ್ಲಿ ಜಪಾನಿನಲ್ಲಿ ತಯಾರಕರೇ ಮುಂದೆ ಬಂದಿದ್ದಾರೆ. 2017ರಲ್ಲಿ ನಿಸಾನ್ ಹಳೆಯ ಜಿಟಿ-ಆರ್ ಕಾರುಗಳಿಗೆ, 2020ರಲ್ಲಿ ಟೊಯೊಟಾ 2000ಜಿಟಿ ಹಾಗೂ ಸುಪ್ರಾ ಕಾರುಗಳಿಗೆ ನಿಂತುಹೋಗಿದ್ದ ಭಾಗಗಳನ್ನು ಪುನಃ ತಯಾರಿಸತೊಡಗಿದವು. ನಮ್ಮಲ್ಲಿ ಓಮ್ನಿ 2019ರವರೆಗೆ ತಯಾರಾದ ಕಾರಣ ಇಂಜಿನ್ ಭಾಗಗಳಿಗೆ ಅಷ್ಟು ಕೊರತೆಯಿಲ್ಲ. ಕೊರತೆ ಇರುವುದು 1983ರಿಂದ 86ರ ಮಾರುತಿಗಳ ದೀಪ, ಗ್ರಿಲ್, ಡ್ಯಾಷ್‌ಬೋರ್ಡ್‌ಗಳಿಗೆ.

ವಿಮೆ

ಮೂರನೇ ವ್ಯಕ್ತಿ ವಿಮೆಯು ಪ್ರಕರಣ 146ರಂತೆ ಕಡ್ಡಾಯ. ವಿಮಾ ಸಂಸ್ಥೆಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತಕ್ಕೆ ಕಾರಣವೆಂದು ಕಂಡುಬಂದಲ್ಲಿ ಸ್ವಂತ ಹಾನಿಯ ಪರಿಹಾರವನ್ನು ನಿರಾಕರಿಸುವ ಸಂಭವವಿದೆ. ಗಾಯಾಳುವಿಗೆ ಅಥವಾ ಮೃತರ ಕುಟುಂಬಕ್ಕೆ ವಿಮಾ ಸಂಸ್ಥೆಯು ಹಣ ನೀಡಿ, ಅನಂತರ ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿಗಳು ಆದೇಶಿಸಿದ ಸಂದರ್ಭಗಳೂ ಇವೆ. ಅಂತಹ ಮೊತ್ತ ಕಾರಿನ ಬೆಲೆಯ ಮಟ್ಟಕ್ಕೆ ನಿಲ್ಲುವುದಿಲ್ಲ; ಹೊಲ ಮಾರುವ ಮಟ್ಟಕ್ಕೆ ಹೋಗುತ್ತದೆ.

ಪುರಾತನ ವಾಹನಗಳ ನೋಂದಣಿ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ಸೇರ್ಪಡೆಯಾದ ಅವಕಾಶದಂತೆ, ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ಪುರಾತನ ವಾಹನಗಳೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ನೋಂದಣಿ ಸಂಖ್ಯೆಯಲ್ಲಿ 'ವಿಎ' ಅಕ್ಷರಗಳಿರುತ್ತವೆ. ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ದುರಸ್ತಿ ಇವುಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ.

ಈ ಲೆಕ್ಕದಂತೆ ದೇಶದ ಮೊಟ್ಟಮೊದಲ ಮಾರುತಿ 800ಕ್ಕೂ ಐವತ್ತು ತುಂಬುವುದು 2033ರ ಡಿಸೆಂಬರ್‌ಗೆ. ಜಿಪ್ಸಿಗೆ 2035ರ ಕೊನೆಗೆ. ಆದುದರಿಂದ "ನಮ್ಮದು ವಿಂಟೇಜ್ ಕಾರು, ನವೀಕರಣ ಬೇಡ" ಎಂಬ ವಾದಕ್ಕೆ ಈಗ ಆಧಾರವಿಲ್ಲ. ಜಪಾನಿ ವಿನ್ಯಾಸದವುಗಳಲ್ಲಿ ಸದ್ಯ ಈ ವರ್ಗಕ್ಕೆ ಬರಬಹುದಾದದ್ದು ನಿಸಾನ್ ಪ್ಯಾಟ್ರೋಲ್ ಮಾದರಿಯನ್ನು ಆಧರಿಸಿ ಜಬಲ್ಪುರದ ಸೈನಿಕ ವಾಹನ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ ಜೋಂಗಾ. ಸೇನೆಯ ಹರಾಜಿನಲ್ಲಿ ನಾಗರಿಕರ ಕೈಗೆ ಬಂದ ಜೋಂಗಾಗಳಲ್ಲಿ ಹಲವಕ್ಕೆ ಇಂಧನ ಉಳಿತಾಯಕ್ಕೆಂದು ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಲಾಗಿದೆ. ಹಾಗೆ ಮೂಲ ರೂಪ ಕಳೆದುಕೊಂಡವು ವಯಸ್ಸಾಗಿದ್ದರೂ ಪುರಾತನ ವಾಹನಗಳ ಅರ್ಹತೆ ಪಡೆಯುವುದು ಕಷ್ಟ.

ಸರ್ಕಾರಿ ಮತ್ತು ಹೊರರಾಜ್ಯದ ವಾಹನಗಳು

2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ಇಲಾಖೆಗಳ ವಾಹನಗಳ ನೋಂದಣಿಯನ್ನು ನವೀಕರಿಸಲಾಗುವುದಿಲ್ಲ. ಅವು ಅಧಿಕೃತ ಗುಜರಿ ಕೇಂದ್ರಗಳಿಗೆ ಹೋಗತಕ್ಕವು. ಇಲಾಖೆಯ ಹಳೆಯ ಜಿಪ್ಸಿ ಕೊಡಿಸುವುದಾಗಿ ಮಧ್ಯವರ್ತಿಗಳು ಮುಂಗಡ ಕೇಳಿದಲ್ಲಿ ನೀಡಬಾರದು. ತೆಲಂಗಾಣ, ಆಂಧ್ರ ಪ್ರದೇಶ, ಮಹಾರಾಷ್ಟ್ರಗಳಿಂದ ತಂದ ವಾಹನಕ್ಕೆ ಅಲ್ಲಿನ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ (ನಮೂನೆ 28) ಪಡೆದು, ಇಲ್ಲಿ ತೆರಿಗೆ ಪಾವತಿಸಿ, ನಮೂನೆ 27ರಲ್ಲಿ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು.

ಬಿಡಿಭಾಗಗಳಿಗಾಗಿ ಕಳಚಿದ ವಾಹನ

ಒಂದು ಕಾರನ್ನು ಸಿದ್ಧಪಡಿಸಲು ಅದೇ ಮಾದರಿಯ ಮತ್ತೊಂದನ್ನು ಕೊಂಡು ಕಳಚುವುದು ವಾಡಿಕೆ. ಹೀಗೆ ಕಳಚಿದ ಅಥವಾ ಬಳಕೆಗೆ ಬಾರದಂತಾದ ವಾಹನದ ಬಗ್ಗೆ ಪ್ರಕರಣ 55ರಂತೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಪ್ರಮಾಣಪತ್ರವನ್ನು ಒಪ್ಪಿಸಿ, ನೋಂದಣಿ ರದ್ದುಪಡಿಸಿಕೊಳ್ಳತಕ್ಕದ್ದು. ಉಳಿದ ಮೈಯನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ನೀಡಿ ಪ್ರಮಾಣಪತ್ರ ಪಡೆಯಬೇಕು. ಚಾಸಿ ಸಂಖ್ಯೆಯಿರುವ ತಗಡಿನ ತುಂಡನ್ನಾಗಲೀ ಹಳೆಯ ನೋಂದಣಿ ಪ್ರಮಾಣಪತ್ರವನ್ನಾಗಲೀ ಯಾರಿಗೂ ಮಾರಬಾರದು. ರದ್ದಾಗದ ನೋಂದಣಿಯ ಮೇಲೆ ಬೇರೊಂದು ವಾಹನ ಓಡಿ ಅಪಘಾತವಾದಲ್ಲಿ, ದಾಖಲೆಯಲ್ಲಿ ಹೆಸರಿರುವ ಮಾಲೀಕರಿಗೇ ನೋಟೀಸು ಬರುತ್ತದೆ.